ಗೋಡೆ ದಾಟಿದ ಆಲೂಗಡ್ಡೆ ಮಷಿನ್ನು

ಮದುವೆಯಾಗಿ ಸಿರುಗುಪ್ಪಕ್ಕೆ ಹೋದ ಮೂರನೆಯ ವರ್ಷ ನಾನು ಮಧ್ಯಾಹ್ನದ ಹೊತ್ತು ಆಲೂಗಡ್ಡೆಯ ಕಡ್ಡಿಗಳನ್ನು ಎಣಿಸುತ್ತಾ ಕೂರುತ್ತಿದ್ದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಎಣಿಸುತ್ತಿದ್ದೆ. ಒಂದು ಗಡ್ಡೆಯನ್ನು ಮಷಿನ್ನಿಗೆ ಕೊಟ್ಟು ಹಿಡಿಕೆ ಒತ್ತಿದರೆ ಮೂವತ್ತಾರು ಕಡ್ಡಿ ಬೀಳಬೇಕು. ಅಂಚಿನವು ಮುರಿದು ಮೂವತ್ತೊಂದೋ ಮೂವತ್ತೆರಡೋ ಸಿಗುತ್ತಿದ್ದವು. ಕಮ್ಮಿ ಬಿದ್ದ ದಿನ ಮಷಿನ್ನಿನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಸಿಟ್ಟು ಮಾಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಆ ಮಷಿನ್ನು ಕೊಟ್ಟವನು ನನ್ನ ಸೋದರಮಾವ. ಮದರಾಸಿನ ಯಾವುದೋ ಹೋಟೆಲಿನಲ್ಲಿ ಬಹಳ ವರ್ಷ ಅಡುಗೆ ಮಾಡಿಕೊಂಡಿದ್ದವನು, ಹೋಟೆಲು ಮುಚ್ಚಿದ ಮೇಲೆ ಬಳ್ಳಾರಿಗೆ ವಾಪಸು ಬಂದ. ಬರುವಾಗ ಎಲ್ಲರಿಗೂ ಸೀರೆ, ಪಂಚೆ ತಂದು ನನಗೆ ಮಾತ್ರ ಇದನ್ನು ತಂದ. ಅಲ್ಯೂಮಿನಿಯಂ ಚೌಕಟ್ಟು, ಮೊಳದುದ್ದದ ಹಿಡಿಕೆ, ಒಂದು ತುದಿಯಲ್ಲಿ ಕಿಟಕಿಯ ಸರಳುಗಳಂತೆ ಅಡ್ಡಡ್ಡ ಉದ್ದುದ್ದ ಜೋಡಿಸಿದ ಉಕ್ಕಿನ ಅಲಗುಗಳು. ಗಡ್ಡೆಯನ್ನು ಆ ಕಿಟಕಿಯ ಎದುರಿಗಿಟ್ಟು ಹಿಡಿಕೆ ಒತ್ತಿದರೆ ಕಟ್ಟೆಂದು ಶಬ್ದವಾಗಿ ಆಚೆ ಕಡೆ ಬೆರಳುದ್ದದ ಕಡ್ಡಿಗಳು ಉದುರುತ್ತಿದ್ದವು. ಅವನ್ನು ನೀರಿನಲ್ಲಿ ನೆನೆಸಿ, ಹಳೆಯ ಪಂಚೆಯ ಮೇಲೆ ಆರಹಾಕಿ, ಶೇಂಗಾ ಎಣ್ಣೆಯಲ್ಲಿ ಒಮ್ಮೆ ಅರೆಬರೆ ಕರಿದು ತೆಗೆದು, ತಣ್ಣಗಾದ ಮೇಲೆ ಮತ್ತೊಮ್ಮೆ ಕರಿಯಬೇಕು ಎಂದು ಮಾವ ಹೇಳಿಕೊಟ್ಟಿದ್ದ. ಮೇಲೆ ಉಪ್ಪು, ಖಾರದ ಪುಡಿ. ಇಷ್ಟು ಸಂಭ್ರಮವೆಲ್ಲ ಮನೆ ತುಂಬ ಜನರಿರುವವರಿಗೆ ಚೆಂದ. ಒಬ್ಬಳಿಗೋಸ್ಕರ ಒಂದು ಗಡ್ಡೆಯನ್ನು ಎರಡೆರಡು ಸಲ ಕರಿಯುವಾಗ ಹುಚ್ಚು ಹಿಡಿದಿದೆಯೇ ನನಗೆ ಎನಿಸುತ್ತಿತ್ತು. ಆದರೂ ಕರಿಯುತ್ತಿದ್ದೆ, ಹೊತ್ತು ಹೋಗಬೇಕಲ್ಲ.

ನನ್ನ ಗಂಡನಿಗೆ ಕಾಲುವೆಯ ಕೆಲಸ. ಯಾವ ತೂಬಿಗೆ ಎಷ್ಟು ನೀರು ಹೋಗಬೇಕೆಂದು ನೋಡಿಕೊಳ್ಳಲು ಸೋಮವಾರ ಬೆಳಿಗ್ಗೆ ಸೈಕಲ್ಲೇರಿ ಸಿರಿಗೇರಿಯ ಕಡೆಗೋ ತೆಕ್ಕಲಕೋಟೆಯ ಕಡೆಗೋ ಹೋದರೆ ಬರುವುದು ಶನಿವಾರ ಸಂಜೆ. ಕೆಟ್ಟ ಮನುಷ್ಯನಲ್ಲ. ಕುಡಿಯಲಿಲ್ಲ, ಬೈಯಲಿಲ್ಲ. ಆದರೆ ಆರು ದಿನ ಹೊಲದವರ ಜಗಳ ಕೇಳಿ ಬಂದವನಿಗೆ ಮನೆಯಲ್ಲಿ ಮಾತೇ ಬೇಡವಾಗಿರುತ್ತಿತ್ತು. ಭಾನುವಾರ ಉಂಡು ಮಲಗಿ, ಸೋಮವಾರ ಎದ್ದು ಹೋಗುತ್ತಿದ್ದ. ಮಕ್ಕಳಿರಲಿಲ್ಲ. ಬಳ್ಳಾರಿಯಲ್ಲಿ ಹನ್ನೊಂದು ಜನರ ಮನೆಯಲ್ಲಿ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುವ ಮನೆಯಲ್ಲಿ ಬೆಳೆದ ನನಗೆ ಆ ಮನೆಯ ಸದ್ದಿಲ್ಲದ ಮಧ್ಯಾಹ್ನಗಳು ಮೈಮೇಲೆ ಬಂದಂತಾಗುತ್ತಿದ್ದವು.

ಮನೆಯ ಮಾಲೀಕರು ಒಂದೇ ಮನೆಯನ್ನು ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಿತ್ತಲನ್ನೂ ಎದೆಯೆತ್ತರದ ಗೋಡೆ ಹಾಕಿ ಎರಡಾಗಿ ಸೀಳಿದ್ದರು. ಆಚೆಯ ಪಾಲಿನಲ್ಲಿದ್ದವಳು ಲಾರಿ ಡ್ರೈವರನೊಬ್ಬನ ಹೆಂಡತಿ, ಸಾಬರ ಪೈಕಿ, ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು. ಆಕೆಯ ಗಂಡ ಇಲ್ಲಿನ ಮಿಲ್ಲುಗಳ ಅಕ್ಕಿ ಹೇರಿಕೊಂಡು ದೂರದೂರಿಗೆ ಹೋದರೆ ಹದಿನೈದು ದಿನ ಪತ್ತೆಯಿಲ್ಲ. ಹೀಗೆ ಗೋಡೆಯ ಎರಡೂ ಬದಿಗೆ ಒಬ್ಬೊಬ್ಬಳೇ ಹೆಂಗಸು. ಆದರೂ ಮೊದಲ ಎರಡು ವರ್ಷ ನಮ್ಮ ನಡುವೆ ಮಾತು ಬೆಳೆಯಲಿಲ್ಲ. ನೀರು ಬಂತಾ, ಬಂತು, ಅಷ್ಟೇ. ಮಾತು ತೆಗೆಸಿದ್ದು ಮಷಿನ್ನು. ಒಂದು ದಿನ ಹಿತ್ತಲಲ್ಲಿ ಕೂತು ಕಟ್ ಕಟ್ ಎನ್ನಿಸುತ್ತಿದ್ದಾಗ ಗೋಡೆಯ ಮೇಲೆ ಆಕೆಯ ಮುಖ ಕಾಣಿಸಿತು.

"ಏನದು ತಂಗಿ, ದಿನಾ ಮಧ್ಯಾನ ಅಡಕಿ ಕತ್ತರಿಸಿದಂಗ ಸಪ್ಪಳ ಕೇಳಸ್ತೈತಿ?"

ತೋರಿಸಿದೆ. ಆಕೆ ಒಳಗೆ ಹೋಗಿ ಎರಡು ಗಡ್ಡೆ ತಂದು ಗೋಡೆಯ ಮೇಲಿಟ್ಟಳು. ಕತ್ತರಿಸಿ, ನೀರು ತುಂಬಿದ ಬೋಗುಣಿಯಲ್ಲಿ ಹಾಕಿ ಕೊಟ್ಟೆ. ಅರ್ಧ ಗಂಟೆಯ ಮೇಲೆ ಆಚೆಯಿಂದಲೂ ಈಚೆಯಿಂದಲೂ ಎಣ್ಣೆಯ ವಾಸನೆ ಬಂತು. ಆಕೆ ಆ ಕಡೆ ತಟ್ಟೆ ಹಿಡಿದು ನಿಂತಳು, ನಾನು ಈ ಕಡೆ ನಿಂತೆ. ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕಲಿಲ್ಲ. ಹಸಿಯ ಪದಾರ್ಥ ಗೋಡೆ ದಾಟಬಹುದು, ಒಲೆಯ ಮೇಲಿಂದ ಇಳಿದದ್ದು ಆ ಕಡೆಯಿಂದ ಈ ಕಡೆಗೆ ದಾಟಬಾರದು. ಇದನ್ನು ಯಾರೂ ನಮಗೆ ಹೇಳಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಲಿಂಗ ಕಟ್ಟಿಕೊಂಡ ಮನೆಯವಳು ನಾನು, ಆಕೆ ಒತ್ತಾಯ ಮಾಡಿ ನನ್ನನ್ನು ಮುಜುಗರಕ್ಕೆ ಸಿಕ್ಕಿಸಲಿಲ್ಲ. ನಿಂತುಕೊಂಡೇ ತಿಂದೆವು, ಮಾತಾಡಿದೆವು. ಸಿರುಗುಪ್ಪಕ್ಕೆ ಬಂದ ಮೇಲೆ ಅವತ್ತು ಮೊದಲ ಸಲ ನನ್ನ ತಟ್ಟೆ ಖಾಲಿಯಾದದ್ದು ನನಗೆ ತಿಳಿಯಲಿಲ್ಲ.

ಆಮೇಲೆ ದಿನಕ್ಕೊಂದು ನೆಪ. ಆಕೆಗೆ ನಾನು ತಂಗಿ, ನನಗೆ ಆಕೆ ಅಕ್ಕ. ಗಂಡಂದಿರನ್ನು ಆಡಿಕೊಂಡೆವು. ಮಕ್ಕಳಾಗದ್ದಕ್ಕೆ ಊರವರು ಕೇಳುವ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಅಣಕಿಸಿ ನಕ್ಕೆವು. ಒಂದು ಸಲ ನಗುನಗುತ್ತಲೇ ಆಕೆ ಅತ್ತುಬಿಟ್ಟಳು, ನಾನೂ ಅತ್ತೆ. ಮಳೆಗಾಲದಲ್ಲಿ ರಂಜಾನ್ ಬಂತು. ಇಡೀ ದಿನ ಉಗುಳು ಸಹ ನುಂಗದೆ ಇರುವ ಆಕೆಗೋಸ್ಕರ ನಾನು ಸಂಜೆ ಗಡ್ಡೆ ಕತ್ತರಿಸಿ ನೀರಲ್ಲಿ ಹಾಕಿ ಗೋಡೆಯ ಮೇಲಿಡುತ್ತಿದ್ದೆ. ಮಸೀದಿಯ ಬಾಂಗು ಕೇಳಿಸುವವರೆಗೆ ನಾನೂ ಏನೂ ತಿನ್ನುತ್ತಿರಲಿಲ್ಲ. ಭಕ್ತಿಯೇನಲ್ಲ, ದಿನದಲ್ಲಿ ಕಾಯುವುದಕ್ಕೆ ನನಗೂ ಒಂದು ಹೊತ್ತು ಸಿಕ್ಕಿತ್ತು. ಆ ತಿಂಗಳ ನಡುವೆ ಅಮ್ಮನಿಗೆ ಜ್ವರವೆಂದು ಬಳ್ಳಾರಿಗೆ ಹೋಗಬೇಕಾಯಿತು. ಹೋಗುವ ಮುಂಚೆ ಮಷಿನ್ನನ್ನೇ ಎತ್ತಿ ಗೋಡೆಯ ಆಚೆಗೆ ಕೊಟ್ಟೆ. ಅಂದಿನಿಂದ ಅದು ಎರಡೂ ಮನೆಯದಾಯಿತು. ಯಾರ ಹತ್ತಿರವಿದೆ ಎಂದು ಶಬ್ದ ಕೇಳಿ ತಿಳಿಯಬೇಕಿತ್ತು.

ಶಿವರಾತ್ರಿಗೆ ಎಂಟು ದಿನವಿದ್ದಾಗ ಗಂಡ ಬಂದು, ಅವ್ವ ಬರುತ್ತಾಳಂತೆ ಎಂದ.

ಅತ್ತೆ ಕುರುಗೋಡಿನವಳು. ಅಲ್ಲಿಯೇ ದೊಡ್ಡ ಮಗನ ಜೊತೆಗಿದ್ದಳು. ನಮ್ಮ ಮನೆಗೆ ಅದುವರೆಗೂ ಬಂದಿರಲಿಲ್ಲ. ಆಕೆಯ ಬಗ್ಗೆ ನನಗಿದ್ದ ಹೆದರಿಕೆಗೆಲ್ಲ ಒಂದು ತಂಬಿಗೆ ಕಾರಣ. ಮದುವೆಯಾದ ವರ್ಷ ದೀಪಾವಳಿಗೆ ಅಲ್ಲಿಗೆ ಹೋದಾಗ ನಾನು ತೊಳೆದಿಟ್ಟ ಹಿತ್ತಾಳೆಯ ತಂಬಿಗೆಯನ್ನು ಆಕೆ ಮೂರು ಸಲ ವಾಪಸು ಕೊಟ್ಟು ತೊಳೆಸಿದ್ದಳು, ಒಂದು ಮಾತೂ ಆಡದೆ. ಓಣಿಯಲ್ಲಿ ಯಾರ ಯಾರ ಕೈ ಮುಟ್ಟಿತ್ತೋ ಏನೋ, ಮೈಲಿಗೆ ಬಹಳ ಈ ಮುದುಕಿಗೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳದೆಯೇ ಎಲ್ಲ ಗೊತ್ತು ಎಂದುಕೊಳ್ಳುವುದು ನನ್ನ ಹುಟ್ಟುಗುಣ.

ಈಗ ಅಂಥವಳು ಬರುತ್ತಾಳೆ, ಶಿವರಾತ್ರಿಯ ಉಪವಾಸಕ್ಕೆ. ಆ ದಿನ ಗೆಣಸು, ಆಲೂಗಡ್ಡೆಯೇ ಆಹಾರ. ಮಷಿನ್ನು ಆರು ತಿಂಗಳು ಸಾಬರ ಮನೆಯಲ್ಲಿ ಓಡಾಡಿದೆ. ಯಾರಾದರೂ ಹೇಳಿಬಿಟ್ಟರೆ? ನಾನೇ ಬಾಯಿ ತಪ್ಪಿ ಹೇಳಿಬಿಟ್ಟರೆ? ಮಂಗಳವಾರ ಗೋಡೆಯಾಚೆಯ ಅಕ್ಕನಿಂದ ಮಷಿನ್ನು ಕೇಳಿ ಈಚೆ ತೆಗೆದುಕೊಂಡೆ. ಯಾಕೆಂದು ಆಕೆಯೂ ಕೇಳಲಿಲ್ಲ. ನನ್ನ ತವರಿನಲ್ಲಿ ಮೈಲಿಗೆಯ ಪಾತ್ರೆಗೆ ಒಂದು ಕ್ರಮವಿತ್ತು. ಮಣ್ಣಿನದಾದರೆ ಹೊರಗೆಸೆಯುತ್ತಿದ್ದರು, ಹಿತ್ತಾಳೆ ತಾಮ್ರವಾದರೆ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದರು, ಕಬ್ಬಿಣವಾದರೆ ಬೆಂಕಿಗೆ ಹಾಕುತ್ತಿದ್ದರು. ಅಮ್ಮ ರೊಟ್ಟಿಯ ಹಂಚನ್ನು ಹಾಗೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆ. ಚೌಕಟ್ಟಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಲಗಿನ ಕಿಟಕಿಗಿದ್ದ ಎರಡು ತಿರುಪು ಬಿಚ್ಚಿ ಅದನ್ನು ಬೇರೆ ಮಾಡಿದೆ.

ಹಿತ್ತಲಲ್ಲಿ ಭತ್ತದ ಹೊಟ್ಟಿನ ಒಲೆಯಿತ್ತು. ಸಿರುಗುಪ್ಪದಲ್ಲಿ ಕಟ್ಟಿಗೆಗಿಂತ ಹೊಟ್ಟು ಸುಲಭ. ಡಬ್ಬಿಯಲ್ಲಿ ಗಿಡಿದು ತುಂಬಿ ಹೊತ್ತಿಸಿದರೆ ಮಧ್ಯಾಹ್ನವೆಲ್ಲ ನಿಗಿನಿಗಿ ಉರಿಯುತ್ತದೆ. ಇಕ್ಕಳದಲ್ಲಿ ಅಲಗು ಹಿಡಿದು ಅದರೊಳಗಿಟ್ಟೆ. ಕೆಂಪಗಾಗತೊಡಗಿತು. ಆಗಲೇ ಗೋಡೆಯ ಮೇಲೆ ಆಕೆಯ ಮುಖ ಬಂತು. ಕೈಯಲ್ಲೆರಡು ಗಡ್ಡೆ.

"ಏನು ಮಾಡಾಕತ್ತೀ ತಂಗಿ?"

ಸುಳ್ಳು ಹೇಳಬಹುದಿತ್ತು. ತುಕ್ಕು ಹಿಡಿದಿತ್ತು ಎಂದರೆ ಸಾಕಿತ್ತು. ಬೇರೆ ಹೊತ್ತಿನಲ್ಲಿ ಸುಳ್ಳು ಹೇಳಲು ನನಗೆ ಯಾರೂ ಕಲಿಸಬೇಕಿರಲಿಲ್ಲ. ಆ ಹೊತ್ತಿನಲ್ಲಿ ನಾಲಿಗೆ ಹೊರಳಲಿಲ್ಲ.

"ನಮ್ಮತ್ತಿ ಬರಾಕತ್ತಾಳಕ್ಕಾ" ಎಂದೆ.

ಆಕೆ ಒಲೆಯನ್ನು ನೋಡಿದಳು, ಇಕ್ಕಳವನ್ನು ನೋಡಿದಳು, ತಿರುಪು ಬಿಚ್ಚಿ ಬಿಸಿಲಿಗಿಟ್ಟಿದ್ದ ಚೌಕಟ್ಟನ್ನು ನೋಡಿದಳು. ಹೌದಾ ಎಂದಳು. ಗಡ್ಡೆಗಳನ್ನು ತೆಗೆದುಕೊಂಡು ಒಳಗೆ ಹೋದಳು. ಆಕೆಯ ಹಿತ್ತಲ ಬಾಗಿಲು ಹಾಕಿಕೊಂಡಿತು, ಜೋರಾಗಿಯೇನಲ್ಲ, ಎಂದಿನಂತೆಯೇ. ನಾನು ಅಲಗನ್ನು ಅಲ್ಲಿಯೇ ಬೂದಿಯಲ್ಲಿ ಆರಲು ಬಿಟ್ಟು ಕೂತೆ. ಮೈಲಿಗೆ ಹೋಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಏನೋ ಕೆಡಿಸಿಬಿಟ್ಟೆ ಎಂಬುದು ಮಾತ್ರ ಆಗಲೇ ಗೊತ್ತಾಗಿತ್ತು.

ಅತ್ತೆ ಶಿವರಾತ್ರಿಯ ದಿನ ಮೊದಲನೆಯ ಬಸ್ಸಿಗೇ ಬಂದಿಳಿದಳು. ಕೈಯಲ್ಲೊಂದು ಚೀಲ. ಚೀಲದ ತುಂಬ ಉದ್ದುದ್ದನೆಯ ಆಲೂಗಡ್ಡೆ. ಮಗ ಮಷಿನ್ನಿನ ವಿಷಯ ಹೇಳಿದ್ದನಂತೆ, ಅದನ್ನು ನೋಡಬೇಕೆಂದೇ ಬಂದಿದ್ದಾಳಂತೆ. ಕುರುಗೋಡಿನ ಪೇಟೆಯಲ್ಲಿ ಸಣ್ಣವನ್ನು ಬದಿಗೆ ಸರಿಸಿ ಉದ್ದನೆಯವನ್ನೇ ಆರಿಸಿದ್ದಕ್ಕೆ ಮಾರುವವಳು ತೆಲುಗಿನಲ್ಲಿ ಬೈದದ್ದನ್ನು ತೆಲುಗಿನಲ್ಲಿಯೇ ಹೇಳಿ ನಕ್ಕಳು. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಮಣೆ ಹಾಕಿಕೊಂಡು ಮಷಿನ್ನಿನ ಮುಂದೆ ಕೂತಳು, ಸಿನಿಮಾ ಶುರುವಾಗುವುದನ್ನು ಕಾಯುವವರ ಹಾಗೆ. ನಾನು ಗಡ್ಡೆ ಇಟ್ಟು ಹಿಡಿಕೆ ಒತ್ತಿದೆ. ಕಟ್ಟೆನ್ನಲಿಲ್ಲ. ಎರಡೂ ಕೈ ಹಾಕಿ ಒತ್ತಿದೆ. ಗಡ್ಡೆ ಜಜ್ಜಿ ಹೋಗಿ ಅಲಗುಗಳ ನಡುವೆ ಮುದ್ದೆಯಾಗಿ ಕೂತಿತು. ಅಲಗುಗಳು ತಂತಿಯಂತೆ ಬಾಗಿದ್ದವು.

ಅತ್ತೆ ಬಗ್ಗಿ ನೋಡಿ, ಬೆರಳಿನಿಂದ ಅಲಗು ಮುಟ್ಟಿ, ಇದನ್ನು ಬೆಂಕಿಗೆ ಹಾಕಿದೆಯಾ ಎಂದು ಕೇಳಿದಳು. ಕುಡುಗೋಲು ಒಲೆಗೆ ಬಿದ್ದರೆ ಹದ ಹೋಗಿ ಹುಲ್ಲನ್ನೂ ಕೊಯ್ಯುವುದಿಲ್ಲವೆಂದು ಬೇಸಾಯದ ಮನೆಯಲ್ಲಿ ಎಲ್ಲರಿಗೂ ಗೊತ್ತು, ಪೇಟೆಯಲ್ಲಿ ಬೆಳೆದ ನಿನಗೆ ಹೇಗೆ ಗೊತ್ತಾಗಬೇಕು ಎಂದಳು. ಅದೇನು ಬೈಗುಳವಾಗಿರಲಿಲ್ಲ. ಆದರೆ ಯಾಕೆ ಹಾಕಿದೆ ಎಂದು ಕೇಳಿದಾಗ ನನಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ, ತಂಬಿಗೆಯಿಂದ ಹಿಡಿದು ಗೋಡೆಯ ಆಚೆಯವಳವರೆಗೆ.

ಅತ್ತೆ ಜಜ್ಜಿದ ಗಡ್ಡೆಯನ್ನು ಅಲಗುಗಳಿಂದ ಬಿಡಿಸಿ ಬದಿಗಿಟ್ಟಳು.

"ತಂಬಗಿಯೊಳಗ ತಿಕ್ಕಿದ ಹುಣಸಿಹಣ್ಣಿನ ನಾರು ಇನ್ನೂ ಅಂಟಿಕೊಂಡಿತ್ತವ್ವಾ. ಹೊಸಾ ಸೊಸಿ, ಬಾಯಿ ಬಿಟ್ಟು ಹೇಳಿದ್ರ ನಾಚತಾಳಂತ ಸುಮ್ನ ಕೊಟ್ಟೆ. ಅದು ಇರಲಿ. ಆಕಿ ಮುಂದ ನನ್ನ ಹೆಸರು ಹೇಳಿದಿ ಏನು?"

ಹೌದೆಂದೆ.

"ನಾ ಇನ್ನೂ ಆಕಿ ಮುಖಾನ ನೋಡಿಲ್ಲ. ನೋಡೂಕಿಂತ ಮೊದಲ ನನ್ನ ಕೆಟ್ಟಾಕಿ ಮಾಡಿಟ್ಟಿ."

ಸೆರಗು ಸರಿಮಾಡಿಕೊಂಡು ಎದ್ದಳು. ಗೋಡೆಯ ಕಡೆಗೆ ಹೋಗಲಿಲ್ಲ, ಮುಂಬಾಗಿಲಿನಿಂದ ಇಳಿದು ಬೀದಿಯ ಮೇಲೆ ಸುತ್ತಿಕೊಂಡು ಆಕೆಯ ಮನೆಯ ಬಾಗಿಲಿಗೆ ಹೋದಳು. ನೀನೂ ಬಾ ಎಂದು ಕರೆದಳು. ನಾನು ಮುಖ ತೊಳೆದುಕೊಂಡು ಬರುತ್ತೇನೆಂದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಮೊದಲು ಸಣ್ಣ ದನಿಯ ಮಾತು, ಆಮೇಲೆ ಅತ್ತೆಯ ದೊಡ್ಡ ಗಂಟಲು, ಅದರಲ್ಲಿ ಅರ್ಧ ಕನ್ನಡ ಅರ್ಧ ತೆಲುಗು, ಆಮೇಲೆ ಇಬ್ಬರ ನಗೆ. ನನ್ನ ಅಕ್ಕ ನನ್ನ ಅತ್ತೆಯ ಜೊತೆ ನಗುತ್ತಿದ್ದಳು. ನಾನು ಇಬ್ಬರಿಗೂ ಬೇಡವಾದವಳಂತೆ ಈ ಬದಿ ನಿಂತಿದ್ದೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅತ್ತೆ ಬಂದು ನೀರು ಕುಡಿದು ಹೇಳಿದಳು, ಆಕೆ ನಿನ್ನ ಮೇಲೆ ಒಂದು ಮಾತೂ ದೂರಲಿಲ್ಲ, ದೂರಿದ್ದರೆ ಚೆನ್ನಾಗಿತ್ತು, ಇವತ್ತೇ ಹೋಗಿ ಬಾ ಎಂದು. ಆಗಲಿ ಎಂದೆ. ಆ ದಿನ ಉಪವಾಸ, ಜಾಗರಣೆ. ಮಾರನೆಯ ದಿನ ಪಾರಣೆಯ ಅಡುಗೆ, ಅತ್ತೆಯನ್ನು ಬಸ್ಸಿಗೆ ಹತ್ತಿಸುವುದು. ಅದರ ಮಾರನೆಯ ದಿನ ತಲೆನೋವು. ನಾಲ್ಕನೆಯ ದಿನದ ಹೊತ್ತಿಗೆ, ಇಷ್ಟು ದಿನ ಬಿಟ್ಟು ಈಗ ಹೋದರೆ ಏನೆಂದುಕೊಳ್ಳುತ್ತಾಳೋ ಎನ್ನುವ ಹೊಸ ನೆಪ ಸಿಕ್ಕಿತು. ಆ ಒಂದು ನೆಪ ನನಗೆ ಹನ್ನೊಂದು ತಿಂಗಳು ಬಂತು.

ಆಕೆ ನನ್ನೊಡನೆ ಮಾತು ಬಿಟ್ಟಳೆಂದು ಯಾರೂ ತಿಳಿಯಬಾರದು. ನಲ್ಲಿಯ ಹತ್ತಿರ ಸಿಕ್ಕರೆ ಆರಾಮಾ ಎನ್ನುತ್ತಿದ್ದಳು, ಜ್ವರ ಬಂದಾಗ ಔಷಧಿಯ ಅಂಗಡಿಗೆ ಹೋಗಿ ಬಂದಳು. ಗೋಡೆಯ ಹತ್ತಿರ ಮಾತ್ರ ಬರಲಿಲ್ಲ. ಅತ್ತೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಶೇಂಗಾ ಕಳಿಸುತ್ತಿದ್ದಳು, ಎರಡು ಗಂಟು, ಒಂದು ನನಗೆ, ಒಂದು ಆಕೆಗೆ. ಆಕೆಯ ಗಂಟನ್ನು ಗೋಡೆಯ ಮೇಲಿಟ್ಟು ಒಳಗೆ ಬಂದುಬಿಡುತ್ತಿದ್ದೆ. ಸಂಜೆಗೆ ಗಂಟು ಕಟ್ಟಿದ್ದ ಬಟ್ಟೆಯನ್ನು ಒಗೆದು ಮಡಚಿ ಅಲ್ಲಿಯೇ ಇಟ್ಟಿರುತ್ತಿದ್ದಳು. ಮತ್ತೆ ರಂಜಾನ್ ಬಂತು. ಸಂಜೆಯಾದರೆ ಆಚೆಯಿಂದ ಈಳಿಗೆಮಣೆಯ ಸದ್ದು ಕೇಳಿಸುತ್ತಿತ್ತು, ನಿಧಾನವಾಗಿ, ಒಂದೊಂದೇ ಹೋಳು. ನಾನೂ ಈ ಕಡೆ ಒಂದು ಗಡ್ಡೆಯನ್ನು ಚಾಕುವಿನಿಂದ ಕತ್ತರಿಸುತ್ತಿದ್ದೆ. ಬಾಂಗು ಕೇಳಿಸುವವರೆಗೂ ತಿನ್ನದೆ ಕಾಯುತ್ತಿದ್ದೆ, ಆಕೆಗೆ ಗೊತ್ತಾಗದ ಹಾಗೆ. ಎಂದಾದರೂ ಒಂದು ದಿನ ಆಕೆಯ ಮುಖ ಗೋಡೆಯ ಮೇಲೆ ಕಾಣಿಸುತ್ತದೆ, ಏನು ತಂಗಿ ಎನ್ನುತ್ತಾಳೆ, ಆಗ ಎಲ್ಲ ಹೇಳುತ್ತೇನೆ ಎಂದು ಮನಸ್ಸಿನಲ್ಲಿಯೇ ಮಾತು ಜೋಡಿಸಿಕೊಂಡಿದ್ದೆ. ತಪ್ಪು ಮಾಡಿದವಳು ನಾನು, ಆಕೆ ಬರಲಿ ಎಂದು ಕಾಯುತ್ತಿದ್ದವಳೂ ನಾನೇ. ನನ್ನಂಥ ಹೆಡ್ಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಕ್ರಾಂತಿಯಾದ ಮೇಲೆ ಗಂಡನಿಗೆ ಬಳ್ಳಾರಿಗೆ ವರ್ಗವಾಯಿತು. ಬಳ್ಳಾರಿಯೆಂದರೆ ತವರು, ಕುಣಿದಾಡಬೇಕಿತ್ತು. ಸಾಮಾನು ಕಟ್ಟುತ್ತಾ ಕಟ್ಟುತ್ತಾ ಮತ್ತೆ ಮತ್ತೆ ಹಿತ್ತಲ ಗೋಡೆಯ ಕಡೆಗೇ ನೋಡುತ್ತಿದ್ದೆ. ಸಾಮಾನನ್ನೆಲ್ಲ ಲಾರಿಗೆ ಹೇರುತ್ತಿದ್ದಾಗ ಯಾರಿಗೂ ಹೇಳದೆ ಬೀದಿಗಿಳಿದು ಸುತ್ತಿಕೊಂಡು ಆಕೆಯ ಬಾಗಿಲಿಗೆ ಹೋದೆ. ಆ ಬಾಗಿಲಿಗೆ ನಾನು ಹೋದದ್ದು ಅದೇ ಮೊದಲು. ನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದು ಆಕೆಯ ಮನೆಯ ಒಳಗೆ ಯಾವ ಬಣ್ಣ ಬಳಿದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಹಸಿರು ಬಣ್ಣ. ಚಾಪೆ ಹಾಸಿ ಕೂರಿಸಿದಳು.

ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆ ದಿನ ನಾನು ಮಾಡಿದ್ದು ತಪ್ಪಾಯಿತು, ಅತ್ತೆಯ ಮೇಲೆ ಹಾಕಿದ್ದೂ ತಪ್ಪಾಯಿತು, ಅತ್ತೆ ಏನೂ ಹೇಳಿರಲಿಲ್ಲ, ಅದು ನನ್ನದೇ ಬುದ್ಧಿ ಎಂದಷ್ಟೇ ಹೇಳಿದೆ. ಆಕೆ ತಲೆಯಾಡಿಸಿದಳು, ಗೊತ್ತಿದ್ದ ವಿಷಯವನ್ನು ಕೇಳಿದವರ ಹಾಗೆ. ನನ್ನ ಮೇಲೆ ಇನ್ನೂ ಸಿಟ್ಟಿದೆಯಾ ಎಂದು ಕೇಳಿದೆ. ಇದೆ ಎನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಅವತ್ತ ಬಂದಿದ್ರ ನಿನ್ನ ಜೋಡಿ ಜಗಳಾ ಆಡ್ತಿದ್ದೆ. ಆಡಬೇಕಂತ ಎಂಟು ದಿನ ಕಾದೆ. ಏನೇನು ಅನ್ನಬೇಕು ಅಂತ ಎಲ್ಲಾ ಜೋಡಿಸಿ ಇಟಗೊಂಡಿದ್ದೆ. ನೀ ಬರಲಿಲ್ಲ. ಈಗ ನೋಡು, ಅದರಾಗ ಒಂದೂ ನೆನಪಿಲ್ಲ."

ಮುಖ ನೋಡಿದೆ. ಚುಚ್ಚಬೇಕೆಂದು ಹೇಳಿದ್ದಲ್ಲ. ನಿಜವಾಗಿಯೂ ಮರೆತಿದ್ದಳು. ಬಳ್ಳಾರಿಯಲ್ಲಿ ಮನೆ ಎಲ್ಲಿ ಸಿಕ್ಕಿತು, ನೀರಿನ ಅನುಕೂಲ ಹೇಗಿದೆ ಎಂದೆಲ್ಲ ವಿಚಾರಿಸಿದಳು, ನಾನು ಉತ್ತರ ಕೊಟ್ಟೆ. ಹೊರಗೆ ನಮ್ಮವರು ಕರೆಯುವುದು ಕೇಳಿಸಿತು. ನನ್ನ ಮಾತುಗಳೆಲ್ಲ ಒಂದೂ ತಪ್ಪದೆ ನೆನಪಾದದ್ದು ಲಾರಿ ಊರು ದಾಟಿದ ಮೇಲೆ. ಅವು ಇವತ್ತಿಗೂ ನೆನಪಿವೆ, ಕೇಳಬೇಕಾದವಳಿಗೆ ಮಾತ್ರ ಬೇಕಾಗಿಲ್ಲ.